ಆಸಿಡ್ ಹುಳದ ಬಳಿ

ನಮ್ಮ ಕರಾವಳಿಯ ಮನೆಗಳಿಗೆ ಮಳೆಗಾಲದಲ್ಲಿ ಬರುವ ನೆಂಟರ ಪಟ್ಟಿ ದೊಡ್ಡದು. ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತುವ ಗೆದ್ದಲ ಹಾತೆ, ಬಚ್ಚಲ ಮೂಲೆಯಲ್ಲಿ ಠಾಣೆ ಹಾಕುವ ಕಪ್ಪೆ, ಅಂಗಳದ ಪಾಚಿಯಲ್ಲಿ ಸುರುಳಿ ಸುತ್ತಿಕೊಳ್ಳುವ ಚೇರಟೆ, ಗೋಡೆಯ ಮೇಲಿನ ಹಲ್ಲಿ. ಇವರೆಲ್ಲರಿಗೂ ಹೆಸರುಂಟು, ಇವರಲ್ಲಿ ಕೆಲವರ ಮೇಲೆ ಗಾದೆಯೂ ಉಂಟು. ಹಲ್ಲಿಗಂತೂ ಶಕುನ ಹೇಳುವ ಅಧಿಕಾರವನ್ನೇ ನಾವು ಕೊಟ್ಟಿದ್ದೇವೆ. ಇಷ್ಟು ಜನರ ನಡುವೆ ಒಬ್ಬನಿಗೆ ಮಾತ್ರ ಹೆಸರಿರಲಿಲ್ಲ. ಈಗೀಗ ನಮ್ಮ ಮನೆಯಲ್ಲಿ ಅವನನ್ನು 'ಆಸಿಡ್ ಹುಳ' ಎನ್ನುತ್ತೇವೆ. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಆಸಿಡ್ಡೂ ಇರಲಿಲ್ಲ, ಆ ಹೆಸರೂ ಇರಲಿಲ್ಲ. ಹುಳ ಮಾತ್ರ ಇತ್ತು.

ನೀವೂ ಅದನ್ನು ನೋಡಿಯೇ ಇರುತ್ತೀರಿ. ದೊಡ್ಡ ಇರುವೆಯಷ್ಟು ಉದ್ದ, ಅಂದರೆ ಏಳೆಂಟು ಮಿಲಿಮೀಟರು. ತಲೆ ಕಪ್ಪು, ಕುತ್ತಿಗೆಯ ಕೆಳಗಿನ ಭಾಗ ಕಿತ್ತಳೆ, ಬೆನ್ನಿನ ನಡುವೆ ಮಿರುಗುವ ನೀಲಿಹಸಿರಿನ ಚಿಕ್ಕ ಕುಪ್ಪಸ, ಅದರ ಕೆಳಗೆ ಮತ್ತೆ ಕಿತ್ತಳೆ ಹೊಟ್ಟೆ, ಕೊನೆಗೆ ಕಪ್ಪು ಅಂಚು. ಸೀರೆಗೆ ಕುಪ್ಪಸ ಹೊಂದಿಸುವ ಕಣ್ಣಿರುವವರು ಮೆಚ್ಚಬೇಕಾದ ಬಣ್ಣಗಾರಿಕೆ. ಆ ನೀಲಿ ಕುಪ್ಪಸವೇ ಅದರ ಮೇಲುರೆಕ್ಕೆ. ಅದರಡಿಯಲ್ಲಿ ನಿಜವಾದ ರೆಕ್ಕೆಗಳನ್ನು ಮಡಿಸಿ ಇಟ್ಟುಕೊಂಡಿರುತ್ತದೆ. ನೋಡುವುದಕ್ಕೆ ಇರುವೆಯ ಹಾಗಿದ್ದರೂ ಜಾತಿಯಲ್ಲಿ ಅದು ಜೀರುಂಡೆ. ಮುಟ್ಟಲು ಹೋದರೆ ಚೇಳಿನಂತೆ ಬಾಲ ಎತ್ತಿ ಹೆದರಿಸುತ್ತದೆ, ಆದರೆ ಅದಕ್ಕೆ ಕೊಂಡಿ ಇಲ್ಲ. ಕಚ್ಚುವುದೂ ಇಲ್ಲ. ಅದರ ಉಪದ್ರವ ಇರುವುದು ಮೈಯೊಳಗಿನ ರಸದಲ್ಲಿ. ಕುತ್ತಿಗೆಯ ಮೇಲೆ ಏನೋ ಹರಿದಂತಾಗಿ ನಿದ್ದೆಗಣ್ಣಿನಲ್ಲಿ ನಾವು ಕೈಯಿಂದ ಒರೆಸಿ ಬಿಡುತ್ತೇವಲ್ಲ, ಆಗ ಹುಳ ಅರೆದು ಹೋಗಿ ರಸ ಚರ್ಮಕ್ಕೆ ತಾಗುತ್ತದೆ. ಆ ಕ್ಷಣಕ್ಕೆ ಏನೂ ಗೊತ್ತಾಗುವುದಿಲ್ಲ. ಒಂದು ದಿನ, ಕೆಲವೊಮ್ಮೆ ಎರಡು ದಿನ ಕಳೆದು, ಕೈ ಎಳೆದ ದಾರಿಯುದ್ದಕ್ಕೂ ಚರ್ಮ ಕೆಂಪಾಗಿ ಉರಿಯುತ್ತದೆ, ಸಣ್ಣ ಗುಳ್ಳೆಗಳು ಏಳುತ್ತವೆ. ಹತ್ತು ಹದಿನೈದು ದಿನಗಳಲ್ಲಿ ವಾಸಿಯಾದರೂ ಕಪ್ಪು ಕಲೆ ಇನ್ನಷ್ಟು ಕಾಲ ಉಳಿಯುತ್ತದೆ.

ತಾಗಿದ್ದಕ್ಕೂ ಉರಿ ಎದ್ದದ್ದಕ್ಕೂ ನಡುವೆ ಇರುವ ಈ ಒಂದು ದಿನದ ಅಂತರವೇ ಎಲ್ಲ ಗೊಂದಲದ ಮೂಲ. ಕೆಂಪು ಗೆರೆ ಕಾಣುವ ಹೊತ್ತಿಗೆ ಹುಳದ ನೆನಪೇ ಇರುವುದಿಲ್ಲ. ಕಳ್ಳ ಹೋದ ಮೇಲೆ ಕಣ್ಣಿಗೆ ಬಿದ್ದವರ ಮೇಲೆಲ್ಲ ಗುಮಾನಿ.

ನಾನು ಹುಟ್ಟಿದ್ದು ಕಾರ್ಕಳದ ಕಡೆ, ನನ್ನನ್ನು ಕೊಟ್ಟದ್ದು ಕಾಪುವಿಗೆ, ಮಕ್ಕಳ ಓದಿಗಾಗಿ ಬಂದು ನೆಲೆಸಿದ್ದು ಮಣಿಪಾಲದಲ್ಲಿ. ಮೂರು ಊರಿನಲ್ಲಿಯೂ ಈ ಗೆರೆಯನ್ನು ಕಂಡಿದ್ದೇನೆ. ಮೂರು ಊರಿನಲ್ಲಿಯೂ ಬೇರೆ ಬೇರೆಯವರ ಮೇಲೆ ಆರೋಪ ಕೇಳಿದ್ದೇನೆ.

ಕಾರ್ಕಳದ ಕಡೆ ಆರೋಪ ನಾಗನ ಮೇಲೆ. ನನ್ನ ತವರಿನ ನೆರೆಮನೆಯ ಹುಡುಗಿಯೊಬ್ಬಳ ಕುತ್ತಿಗೆಯಿಂದ ಗಲ್ಲದವರೆಗೆ ಹೀಗೆ ಗೆರೆ ಎದ್ದಿತು. ಅವಳನ್ನು ನೋಡಲು ಗಂಡಿನ ಕಡೆಯವರು ಬರಲು ಮೂರೇ ದಿನ ಉಳಿದಿತ್ತು. 'ಇದು ಸರ್ಪಸುತ್ತು, ನಾಗದೋಷ ಉಂಟು' ಎಂದರು ಹಿರಿಯರು. ಮಾತು ಆ ಮನೆಯ ಪಾಗಾರ ದಾಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಬರುವವರು ಮೊದಲು ದಿನ ಮುಂದೂಡಿದರು, ಆಮೇಲೆ ಬರಲೇ ಇಲ್ಲ. ಅವಳ ಮುಖದ ಕಲೆ ತಿಂಗಳಲ್ಲಿ ಮಾಸಿತು. ಆ ದೋಷದ ಮಾತು ಮಾಸಲು ನಾಲ್ಕು ವರ್ಷ ಹಿಡಿಯಿತು. ನಾಗನಿಗೆ ತನು ಹಾಕುವುದು ನಮ್ಮ ನೆಲದ ದೊಡ್ಡ ಭಕ್ತಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಹುಳದ ಪಾಪವನ್ನು ನಾಗನ ತಲೆಗೆ ಕಟ್ಟಿ, ಅದರ ಶಿಕ್ಷೆಯನ್ನು ಹುಡುಗಿಗೆ ಕೊಡುವುದು ಯಾವ ಭಕ್ತಿ?

ಕಾಪುವಿನಲ್ಲಿ ಆರೋಪಿ ಜೇಡ. ಅಲ್ಲಿ ನಮ್ಮ ಮನೆಯ ಹಿಂದೆಯೇ ಬೈಲುಗದ್ದೆ. ಏಣೇಲು ಬೆಳೆಯ ಕೊಯ್ಲು ಮುಗಿಯುವ ಹೊತ್ತಿಗೆ ಮನೆಯಲ್ಲಿ ಒಬ್ಬರಿಗಾದರೂ ಈ ಗೆರೆ ಎದ್ದೇ ಏಳುತ್ತಿತ್ತು. 'ಜೇಡ ಓಡಿದ್ದು ಮಗಾ, ಅದರ ಮೂತ್ರ ತಾಗಿದ್ದು' ಎಂದು ಅತ್ತೆ ಹೇಳುವರು. ಮರುದಿನ ಮನೆಯ ಮಾಡಿನ ಜೇಡಗಳಿಗೆಲ್ಲ ಹಿಡಿಸೂಡಿಯ ಸೇವೆ. ಜೇಡನ ಮೇಲಿನ ಈ ಗುಮಾನಿ ನಮ್ಮಲ್ಲಿ ಮಾತ್ರ ಅಲ್ಲ. 'ಜೇಡ ನೆಕ್ಕಿದ್ದು' ಎಂಬ ಅರ್ಥದ ಹೆಸರು ಇಂಗ್ಲಿಷಿನಲ್ಲಿಯೂ ಈ ಉರಿಗೆ ಇದೆ.

ಮಣಿಪಾಲದಲ್ಲಿ ನಾವೆಲ್ಲ ವಿದ್ಯಾವಂತರಲ್ಲವೇ? ಇಲ್ಲಿ ನಾಗನೂ ಇಲ್ಲ, ಜೇಡನೂ ಇಲ್ಲ, ಇಲ್ಲಿ 'ಇನ್ಫೆಕ್ಷನ್'. ನಮ್ಮ ಕಟ್ಟಡದ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದ ಹೆಂಗಸಿನ ಮೊಣಕೈಯ ಒಳಮಡಿಕೆಯಲ್ಲಿ ಗುಳ್ಳೆಗಳೆದ್ದವು. ಕೈ ಮಡಿಸಿದಾಗ ಒಂದು ಕಡೆಯ ರಸ ಇನ್ನೊಂದು ಕಡೆಗೂ ಒತ್ತಿ, ಕನ್ನಡಿಯೊಳಗಿನ ಬಿಂಬದ ಹಾಗೆ ಎರಡೂ ಕಡೆ ಒಂದೇ ಆಕಾರದ ಹುಣ್ಣು. ಎರಡು ಮನೆಯವರು ಅವಳನ್ನು 'ವಾಸಿಯಾದ ಮೇಲೆ ಬಾ' ಎಂದು ಕಳಿಸಿದರು. ವಾಸಿಯಾಗಿ ಬರುವಷ್ಟರಲ್ಲಿ ಬೇರೆಯವರನ್ನು ಇಟ್ಟುಕೊಂಡಾಗಿತ್ತು. ಮೂರನೆಯ ಮನೆಯವರು ಅವಳನ್ನು ಉಡುಪಿಯ ಚರ್ಮದ ಡಾಕ್ಟರರಲ್ಲಿಗೆ ಕಳಿಸಿದರು. ಡಾಕ್ಟರು ದೂರದಿಂದ ನೋಡಿಯೇ ಹುಳದ ಹೆಸರು ಹೇಳಿ, 'ಇದು ಅಂಟುವ ರೋಗವೇ ಅಲ್ಲ ಅಮ್ಮ' ಎಂದರಂತೆ. ಅವಳು ಬಂದು ನನ್ನಲ್ಲಿ ಹೇಳಿದ್ದು ಒಂದೇ ಮಾತು: 'ಅಂಟುವುದಿಲ್ಲ ಅಂತ ಒಂದು ಚೀಟಿ ಬರೆದುಕೊಟ್ಟಿದ್ದರೆ ಆಗುತ್ತಿತ್ತು ಅಕ್ಕಾ.' ಆ ಚೀಟಿಯ ಮಾತು ನನ್ನ ತಲೆಯಲ್ಲಿ ಕೂತಿತು. ಒಂದು ಹುಳಕ್ಕೆ ಸರಿಯಾದ ಹೆಸರು ಇಲ್ಲದಿದ್ದುದಕ್ಕೆ ಒಬ್ಬಳ ಸಂಬಂಧ ತಪ್ಪಿತು, ಇನ್ನೊಬ್ಬಳ ಸಂಬಳ ತಪ್ಪಿತು. ಹಾಗಾದರೆ ಇದರ ಸರಿಯಾದ ಹೆಸರು ಯಾವುದು, ಇದು ಯಾವ ಕುಲದ್ದು, ಯಾವ ಊರಿನದು ಎಂದು ಹುಡುಕುತ್ತ ಹೋದೆ. ಸಿಕ್ಕಿದ ಕಥೆ ನಾನು ಎಣಿಸಿದ್ದಕ್ಕಿಂತ ಉದ್ದವಾಗಿತ್ತು.

ಈ ಹುಳದ ವಿಷ ಮನುಷ್ಯರಿಗೆ ಬಹಳ ಹಿಂದಿನಿಂದ ಪರಿಚಯವಿತ್ತು. ಕ್ರಿ.ಶ. 739ರ ಚೀನಾದ ಒಂದು ವೈದ್ಯಗ್ರಂಥದಲ್ಲಿ, ಚರ್ಮ ಸುಡುವ ವಿಷವುಳ್ಳ ಒಂದು ಹುಳದ ವರ್ಣನೆ ಇದೆ. ಅದು ಇದೇ ಕುಲದ ಹುಳ ಎಂದು ಈಗಿನ ವಿದ್ವಾಂಸರು ಗುರುತಿಸಿದ್ದಾರೆ. ಆದರೆ ಇಂದಿನ ವಿಜ್ಞಾನದಲ್ಲಿರುವ ಹೆಸರು ಶುರುವಾಗುವುದು ಸ್ವೀಡನ್ನಿನ ಲಿನ್ನೇಯಸ್‌ನಿಂದ. ಜಗತ್ತಿನ ಗಿಡಮರ, ಪ್ರಾಣಿಪಕ್ಷಿಗಳಿಗೆಲ್ಲ ಮನೆಹೆಸರು, ಕರೆಯುವ ಹೆಸರು ಎಂದು ಜೋಡಿ ಹೆಸರಿಡುವ ಪದ್ಧತಿ ತಂದವನು ಅವನೇ. 1758ರ ತನ್ನ ಪುಸ್ತಕದಲ್ಲಿ ಯುರೋಪಿನ ಇಂಥದೊಂದು ಹುಳಕ್ಕೆ ಅವನು 'ರಿಪೇರಿಯಸ್' ಎಂದು ಹೆಸರಿಟ್ಟ. ಹೊಳೆದಂಡೆಯದು ಎಂದು ಅರ್ಥ. ಗಿಡ್ಡ ರೆಕ್ಕೆಯ ಜೀರುಂಡೆಗಳನ್ನೆಲ್ಲ ಅವನು ಒಂದೇ ಮನೆಯಲ್ಲಿ ತುಂಬಿಸಿದ್ದ. ಅವನ ಶಿಷ್ಯ, ಡೆನ್ಮಾರ್ಕಿನ ಫ್ಯಾಬ್ರಿಸಿಯಸ್, 1775ರಲ್ಲಿ ಆ ಕೂಡುಕುಟುಂಬವನ್ನು ಪಾಲು ಮಾಡಿ ನಮ್ಮ ಹುಳದ ಬಳಗಕ್ಕೆ ಬೇರೆ ಮನೆ ಕೊಟ್ಟ. ಅದಕ್ಕಿಟ್ಟ ಹೆಸರು 'ಪೀಡೆರಸ್'. ನಮ್ಮ ಕಿವಿಗೆ ಅದರಲ್ಲಿ 'ಪೀಡೆ' ಎಂದೇ ಕೇಳುತ್ತದೆ. ಅವನಿಗೇನು ಕನ್ನಡ ಬರುತ್ತಿತ್ತೇ! ಆದರೂ ಫ್ಯಾಬ್ರಿಸಿಯಸ್‌ಗೆ ನಮ್ಮ ದೇಶದ ನಂಟು ಇತ್ತು. ತಮಿಳುನಾಡಿನ ತರಂಗಂಬಾಡಿಯಲ್ಲಿ ಡೇನರ ವಸಾಹತು ಇತ್ತಲ್ಲ, ಅಲ್ಲಿದ್ದ ವೈದ್ಯ ಕೋನಿಗ್ ಸಂಗ್ರಹಿಸಿ ಕಳಿಸಿದ ಎಷ್ಟೋ ಕೀಟಗಳಿಗೆ ಹೆಸರಿಟ್ಟವನು ಅವನು.

ಏಷ್ಯಾದ ಗದ್ದೆಗಳಲ್ಲಿ ಅತಿ ಹೆಚ್ಚು ಕಾಣುವ ಪ್ರಭೇದಕ್ಕೆ 1826ರಲ್ಲಿ ಹೆಸರಿಟ್ಟವನು ಇಂಗ್ಲೆಂಡಿನ ಜಾನ್ ಕರ್ಟಿಸ್. ಚಿತ್ರ ಬರೆದು ತಾಮ್ರದ ಹಾಳೆಯಲ್ಲಿ ಕೊರೆಯುವುದು ಅವನ ಕಸುಬು. ತನ್ನ ದೇಶದ ಕೀಟಗಳ ಚಿತ್ರಮಾಲೆಯನ್ನು ವರ್ಷಗಟ್ಟಲೆ ಹೊರತಂದ. ಅವನು ಇಟ್ಟ ಹೆಸರು 'ಪೀಡೆರಸ್ ಫ್ಯೂಸಿಪೆಸ್', ಅಂದರೆ ಮಸಿಗಾಲಿನದು. 1840ರಲ್ಲಿ ಬರ್ಲಿನ್ ವಸ್ತುಸಂಗ್ರಹಾಲಯದ ಎರಿಕ್ಸನ್ ಎಂಬ ವಿದ್ವಾಂಸ ಇದರ ಇನ್ನೊಂದು ಬಂಧುವಿಗೆ 'ಪೀಡೆರಸ್ ಮೆಲಾಂಪಸ್' ಎಂದು ಹೆಸರಿಟ್ಟ. ಅದಕ್ಕೆ ಗ್ರೀಕಿನಲ್ಲಿ ಕರಿಗಾಲು ಎಂದರ್ಥ. ಭಾರತದಲ್ಲಿ ಚರ್ಮದ ಉರಿಗೆ ಕಾರಣವೆಂದು ವೈದ್ಯರು ಹೆಚ್ಚಾಗಿ ಹೆಸರಿಸುವುದು ಈ ಎರಡನ್ನೇ. ನಮ್ಮಲ್ಲಿ ಹೊಸ ಸೊಸೆ ಹೊಸ್ತಿಲು ದಾಟಿದರೆ ಕಾಲ್ಗುಣ ನೋಡುವ ರೂಢಿ. ಯುರೋಪಿನ ಈ ಪಂಡಿತರೂ ಕೂಡ ಹುಳದ ಮುಖ ಬಿಟ್ಟು ಕಾಲು ನೋಡಿಯೇ ಹೆಸರು ಹಿಡಿದರಲ್ಲ ಎಂದು ನನಗೆ ನಗು ಬಂತು.

ಭಾರತದ ಹುಳಗಳನ್ನೆಲ್ಲ ಒಟ್ಟಿಗೆ ಪಟ್ಟಿ ಮಾಡಿದವನು ಮಾಲ್ಕಮ್ ಕ್ಯಾಮೆರಾನ್. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದ ಅವನು ಗಿಡ್ಡ ರೆಕ್ಕೆಯ ಈ ಕುಟುಂಬದ ಮೇಲೆ ಬರೆದ ಗ್ರಂಥ 1930ರಿಂದ 1939ರ ನಡುವೆ ನಾಲ್ಕು ಸಂಪುಟಗಳಲ್ಲಿ ಲಂಡನ್ನಿನಿಂದ ಹೊರಬಂತು. ನಮ್ಮ ಉಪಖಂಡದ ಕೀಟ ಹಿಡಿದು ಯಾರಾದರೂ ಕುಲಗೋತ್ರ ಕೇಳಿದರೆ ಇಂದಿಗೂ ಮೊದಲು ತೆರೆಯುವುದು ಆ ಪುಸ್ತಕವನ್ನೇ. ಈ ಕುಟುಂಬ ಎಷ್ಟು ದೊಡ್ಡದೆಂದರೆ ಜಗತ್ತಿನಲ್ಲಿ ಅರುವತ್ತು ಸಾವಿರಕ್ಕೂ ಮೇಲ್ಪಟ್ಟು ಪ್ರಭೇದಗಳನ್ನು ಗುರುತಿಸಲಾಗಿದೆ. ಅದರೊಳಗೆ ಪೀಡೆರಸ್ ಬಳಗದವು ಆರುನೂರಕ್ಕೂ ಹೆಚ್ಚು. ಇವುಗಳಲ್ಲಿ ಮನುಷ್ಯರ ಚರ್ಮ ಸುಟ್ಟ ದೂರು ಇರುವುದು ಇಪ್ಪತ್ತು ಮೂವತ್ತರ ಮೇಲೆ ಮಾತ್ರ. ಉಳಿದವು ಸಾಧುಗಳು.

ಇನ್ನು ಇದರ ಊರು. ಮಸಿಗಾಲಿನ ಫ್ಯೂಸಿಪೆಸ್‌ನ ಹರಹು ನೋಡಿದರೆ ನಮ್ಮ ಊರಿನ ಹೋಟೆಲಿನವರು ನೆನಪಾಗುತ್ತಾರೆ. ಪಶ್ಚಿಮದಲ್ಲಿ ಬ್ರಿಟನ್ನಿನಿಂದ ಹಿಡಿದು, ಮಧ್ಯ ಏಷ್ಯಾ ದಾಟಿ, ಪೂರ್ವದಲ್ಲಿ ಜಪಾನಿನವರೆಗೆ, ದಕ್ಷಿಣಕ್ಕೆ ಆಸ್ಟ್ರೇಲಿಯಾದವರೆಗೆ ಅದು ಇದೆ. ಎಲ್ಲಿ ನೀರು ನಿಲ್ಲುವ ನೆಲವೋ ಅಲ್ಲಿ ಅದರ ವಾಸ. ಹೊಳೆಬದಿ, ಕೆರೆಯ ಅಂಚು, ಎಲ್ಲಕ್ಕಿಂತ ಹೆಚ್ಚಾಗಿ ಭತ್ತದ ಗದ್ದೆ. ಬೈಲು, ಮಜಲು, ಬೆಟ್ಟು ಎಂದು ನಾವು ಗದ್ದೆಗಳನ್ನು ವಿಂಗಡಿಸುತ್ತೇವಲ್ಲ, ಅದರಲ್ಲಿ ಬೈಲು ಇದಕ್ಕೆ ಹೇಳಿ ಮಾಡಿಸಿದ ಜಾಗ. ಹಸಿಮಣ್ಣಿನಲ್ಲಿ ಒಂದೊಂದಾಗಿ ಮೊಟ್ಟೆ ಇಡುತ್ತದೆ.

ಇಷ್ಟು ಹಳೆಯ ನಿವಾಸಿಯನ್ನು ಈಚೆಗೆ ಕೆಲವರು ಪರದೇಶಿ ಮಾಡಲು ಹೊರಟಿದ್ದರು. 2022ರ ಜುಲೈಯಲ್ಲಿ ಸಿಕ್ಕಿಮಿನ ಮಜಿತಾರ್ ಎಂಬಲ್ಲಿರುವ ಸಿಕ್ಕಿಂ ಮಣಿಪಾಲ ತಾಂತ್ರಿಕ ವಿದ್ಯಾಲಯದ ನೂರರಷ್ಟು ವಿದ್ಯಾರ್ಥಿಗಳ ಮೈಮೇಲೆ ಇದೇ ಗೆರೆಗಳೆದ್ದವು. ಸಿಲಿಗುರಿಯಲ್ಲಿಯೂ ಅದೇ ಸಮಯಕ್ಕೆ ಜನ ಆಸ್ಪತ್ರೆಗೆ ಹೋದರು. ಪತ್ರಿಕೆಗಳು ಅದನ್ನು 'ನೈರೋಬಿ ನೊಣ' ಎಂದು ಕರೆದವು. ಹೆಸರಿನಲ್ಲಿ ಮಣಿಪಾಲ ಇದ್ದದ್ದರಿಂದ ನಮ್ಮ ಕಟ್ಟಡದ ತಾಯಂದಿರಿಗೂ ಗಾಬರಿ; ಆಫ್ರಿಕಾದ ನೊಣ ನಮ್ಮ ದೇಶಕ್ಕೆ ನುಗ್ಗಿದೆ ಎಂದು ಮಾತಾಯಿತು. ನೈರೋಬಿಯ ಹುಳ ಬೇರೆ ಪ್ರಭೇದ. ಅದು ಪೂರ್ವ ಆಫ್ರಿಕಾದ್ದು, ನಮ್ಮ ಹುಳದ ದಾಯಾದಿ. ಎರಡೂ ನೊಣಗಳಲ್ಲ, ಜೀರುಂಡೆಗಳು. ಭಾರತದ ಪ್ರಭೇದಗಳು ಇಲ್ಲಿಯವೇ ಎಂಬುದು ಎರಿಕ್ಸನ್‌ನ ಕಾಲದಿಂದ ಪುಸ್ತಕದಲ್ಲಿದೆ. ಆದರೆ ಮನೆಯೊಳಗೆ ಕಷ್ಟ ಬಂದರೆ ಹೊರಗಿನಿಂದ ಬಂದವರ ಮೇಲೆ ಹಾಕುವುದು ಸುಲಭ. ಸೊಸೆಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ಕಥೆಯ ಮುಖ್ಯ ಭಾಗಕ್ಕೆ ಬರುತ್ತೇನೆ. ಒಂದು ಪೀಡೆರಸ್ ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸುವುದು ಬರಿಗಣ್ಣಿಗೆ ಆಗದ ಕೆಲಸ. ಕಿತ್ತಳೆ, ನೀಲಿ, ಕಪ್ಪು ಎಲ್ಲದರಲ್ಲಿಯೂ ಒಂದೇ ಬಗೆ. ಅದಕ್ಕೆ ತಜ್ಞರು ಗಂಡುಹುಳವನ್ನು ಸೀಳಿ ಅದರ ಜನನಾಂಗದ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಪ್ರಭೇದದ ತೀರ್ಮಾನ ಆಗುವುದು ಮುಖ್ಯವಾಗಿ ಅಲ್ಲಿ. ಹೆಣ್ಣು ಮಾತ್ರ ಸಿಕ್ಕಿದರೆ ಎಷ್ಟೋ ಸಲ ಚೀಟಿಯಲ್ಲಿ ಕುಲದ ಹೆಸರಷ್ಟನ್ನೇ ಬರೆದು ಬಿಡಬೇಕಾಗುತ್ತದೆ. ಹೀಗೆ ಈ ಹುಳದ ವಂಶಾವಳಿಯನ್ನು ತಜ್ಞರು ಬರೆಯುವುದು ಹೆಚ್ಚಾಗಿ ಗಂಡಿನ ಗುರುತಿನಿಂದ.

ವಿಷದ ಕಥೆ ಬೇರೆಯೇ ದಾರಿ ಹಿಡಿಯಿತು. 1953ರಲ್ಲಿ ಮಣಿಪಾಲದ ಬೋಳುಗುಡ್ಡೆಯ ಮೇಲೆ ಡಾ. ಟಿ.ಎಂ.ಎ. ಪೈಯವರು ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಆರಂಭಿಸಿದರು. ಅದೇ ವರ್ಷ ದೂರದ ಇಟಲಿಯಲ್ಲಿ ಪವಾನ್ ಮತ್ತು ಬೋ ಎಂಬ ಇಬ್ಬರು ವಿಜ್ಞಾನಿಗಳು ಈ ಹುಳದ ವಿಷವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿ, ಹುಳದ ಹೆಸರನ್ನೇ ಹಿಡಿದು 'ಪೀಡೆರಿನ್' ಎಂದು ಕರೆದರು. ಅದರ ಒಳರಚನೆಯನ್ನು ತಿಳಿಯಲು ಇಟಲಿಯವರು ಹಿಡಿದ ಹುಳಗಳ ಲೆಕ್ಕ ಕೇಳಿದರೆ ನಮ್ಮ ಮಾವಿನಮಿಡಿ ಉಪ್ಪಿನಕಾಯಿಯ ಖಟಾಟೋಪ ಏನೂ ಅಲ್ಲ ಎನಿಸುತ್ತದೆ: ಎರಡೂವರೆ ಕೋಟಿ ಹುಳಗಳು! ಒಂದು ಹುಳದ ತೂಕವನ್ನು ಹತ್ತು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡೂವರೆ ಪಾಲಿನಷ್ಟು ಮಾತ್ರ ವಿಷ ಸಿಗುವುದರಿಂದ ಅಷ್ಟು ಬೇಕಾಯಿತು. 1960ರ ದಶಕದಲ್ಲಿ ರಚನೆ ತಿಳಿಯಿತು. ಜೀವಕೋಶ ಪ್ರೋಟೀನು ತಯಾರಿಸುವುದನ್ನೇ ಈ ವಿಷ ತಡೆಯುತ್ತದೆ. ಕೋಶ ಒಡೆದು ಎರಡಾಗುವುದು ನಿಂತುಹೋಗುತ್ತದೆ. ಚರ್ಮ ಸುಡಲು ಒಂದು ದಿನ ತಗಲುವುದು ಇದಕ್ಕಾಗಿ. ಇದೇ ಗುಣದಿಂದಾಗಿ ಕ್ಯಾನ್ಸರ್ ಸಂಶೋಧಕರೂ ಇದರ ಮೇಲೆ ಕಣ್ಣಿಟ್ಟರು.

ಆಮೇಲೆ ಜರ್ಮನಿಯಲ್ಲಿ ರೂಪರ್ಟ್ ಕೆಲ್ನರ್ ಎಂಬವರು 1990ರ ದಶಕದಲ್ಲಿ ಈ ಹುಳಗಳನ್ನು ಸಾಕಿ ನೋಡಿದರು. ಅವರಿಗೆ ಕಂಡದ್ದು ಇದು: ವಿಷ ತಯಾರಾಗುವುದು ಹೆಣ್ಣಿನಲ್ಲಿ ಮಾತ್ರ. ಗಂಡಿನ ಮೈಯಲ್ಲಿರುವ ಚೂರುಪಾರು ವಿಷ ತಾಯಿಯ ಮೊಟ್ಟೆಯಿಂದ ಬಂದದ್ದು. ತಾಯಿ ತನ್ನ ವಿಷವನ್ನು ಪ್ರತಿ ಮೊಟ್ಟೆಗೂ ಪಾಲು ಹಾಕಿ ಕಳಿಸುತ್ತಾಳೆ. ಮೊಟ್ಟೆಯನ್ನೂ ಮರಿಯನ್ನೂ ತಿನ್ನಲು ಬರುವ ವೈರಿಗಳಲ್ಲಿ ಅದಕ್ಕೆ ಹೆದರಿ ದೂರ ಸರಿಯುವುದು ಯಾರು ಗೊತ್ತೇ? ಜೇಡಗಳು! ಕೆಲ್ನರ್ ಮತ್ತು ಅವರ ಸಹೋದ್ಯೋಗಿ ಡೆಟ್ನರ್ 1996ರಲ್ಲಿ ಇದನ್ನು ತೋರಿಸಿದರು. ಬೇಟೆಯಾಡುವ ತೋಳಜೇಡಗಳು ಈ ಮರಿಗಳನ್ನು ಹಿಡಿದು ಹಾಗೆಯೇ ಬಿಟ್ಟುಬಿಡುತ್ತವೆ. ಅಂದರೆ ಯಾವ ಜೇಡನಿಂದ ಮಕ್ಕಳನ್ನು ಕಾಯಲು ಆ ತಾಯಿ ಮೊಟ್ಟೆಗೆ ವಿಷ ಕಟ್ಟಿ ಕೊಟ್ಟಳೋ, ಅದೇ ಜೇಡನ ತಲೆಯ ಮೇಲೆ ಆ ವಿಷದ ಆರೋಪವನ್ನು ನಾವು ಹೊರಿಸಿ ಹಿಡಿಸೂಡಿ ಎತ್ತಿದ್ದೆವು. ನಮ್ಮ ಅತ್ತೆಯವರು ಬದುಕಿದ್ದರೆ ಈ ಸುದ್ದಿ ಕೇಳಿ ಹೊಟ್ಟೆ ತುಂಬ ನಗುತ್ತಿದ್ದರು.

ಕಥೆ ಇಲ್ಲಿಗೂ ನಿಲ್ಲಲಿಲ್ಲ. ಎಲ್ಲ ಹೆಣ್ಣುಗಳಲ್ಲಿಯೂ ಈ ಶಕ್ತಿ ಇರಲಿಲ್ಲ. ಕೆಲವು ವಿಷವಿಲ್ಲದವೂ ಇದ್ದವು. ಅಂಥ ತಾಯಿಯ ಹೆಣ್ಣುಮರಿಗಳಿಗೆ ವಿಷವುಳ್ಳ ತಾಯಿಯ ಮೊಟ್ಟೆಗಳನ್ನು ತಿನ್ನಲು ಕೊಟ್ಟರೆ ಅವೂ ವಿಷ ಮಾಡುವ ಶಕ್ತಿ ಪಡೆಯುತ್ತಿದ್ದವು. ಹಾಗಾದರೆ ಆ ಶಕ್ತಿ ಹುಳದ್ದಲ್ಲ, ಅದರೊಳಗೆ ಬಿಡಾರ ಮಾಡಿದ ಇನ್ಯಾರದೋ ಎಂದಾಯಿತು. 2002ರಲ್ಲಿ ಯೆನಾ ನಗರದ ಯೋರ್ನ್ ಪೀಲ್ ಆ ವಿಷ ತಯಾರಿಸುವ ವಂಶವಾಹಿಗಳನ್ನು ಹುಡುಕಿ ತೆಗೆದರು. ಅವು ಹುಳದ ವಂಶವಾಹಿಗಳಾಗಿರದೆ ಸ್ಯೂಡೊಮೊನಾಸ್ ಬಳಗದ ಒಂದು ಬ್ಯಾಕ್ಟೀರಿಯಾದ್ದಾಗಿದ್ದವು. ಕಣ್ಣಿಗೆ ಕಾಣದ ಆ ಜೀವಿ ಹೆಣ್ಣುಹುಳದೊಳಗೆ ವಾಸವಿದ್ದು, ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಮೊಟ್ಟೆಯ ದಾರಿಯಲ್ಲೇ ಸಾಗುತ್ತದೆ.

ಇದನ್ನು ಓದಿದಾಗ ತುಳುನಾಡಿನ ಹೆಣ್ಣಿಗೆ 'ಬಳಿ' ನೆನಪಾಗದೆ ಇರುತ್ತದೆಯೇ? ನಮ್ಮಲ್ಲಿ ಬಂಟರು, ಬಿಲ್ಲವರು, ಮೊಗವೀರರು ಮೊದಲಾದವರ ಮನೆಗಳಲ್ಲಿ ಬಳಿ ಬರುವುದು ತಾಯಿಯಿಂದ. ಮದುವೆಯ ಮಾತು ಬಂದರೆ ಮೊದಲು ಕೇಳುವುದು ಬಳಿಯನ್ನು. ಒಂದೇ ಬಳಿಯಾದರೆ ಮಾತು ಅಲ್ಲಿಗೇ ಮುಗಿಯಿತು. ಅಳಿಯಕಟ್ಟಿನ ಕಾಲದಲ್ಲಿ ಆಸ್ತಿಯೂ ಅದೇ ದಾರಿಯಲ್ಲಿ ಹರಿಯುತ್ತಿತ್ತು. ಹೆಣ್ಣು ಸಂತತಿ ಇಲ್ಲದ ಕುಟುಂಬ ಹೆಣ್ಣುಮಗುವನ್ನೇ ದತ್ತು ತೆಗೆದುಕೊಂಡು ಮನೆತನ ಉಳಿಸುತ್ತಿತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ, 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದ ಮೇಲೆ ಆಸ್ತಿಯ ದಾರಿ ಬದಲಾಯಿತು. ಬಳಿ ಮಾತ್ರ ತಾಯಿಯ ಕೈಯಲ್ಲೇ ಉಳಿಯಿತು. ನನ್ನ ಮಕ್ಕಳಿಗೂ ನನ್ನದೇ ಬಳಿ.

ಹುಳವನ್ನು ಮನುಷ್ಯರಿಗೆ ಹೋಲಿಸಿ ನೀತಿ ಹೇಳುವ ಆಸೆ ನನಗಿಲ್ಲ. ಅಳಿಯಕಟ್ಟಿನಲ್ಲಿಯೂ ಯಜಮಾನಿಕೆ ಹೆಚ್ಚಾಗಿ ಮಾವನ ಕೈಯಲ್ಲೇ ಇತ್ತು, ಕೀಲಿಕೈ ಅಮ್ಮನ ಸೊಂಟದಲ್ಲಿದ್ದದ್ದು ಅಪರೂಪ ಎಂಬುದೂ ನನಗೆ ಗೊತ್ತು. ನಾನು ಹೇಳುವುದು ಇಷ್ಟೆ: ತಜ್ಞರ ಪುಸ್ತಕಗಳು ಈ ಹುಳವನ್ನು ಹೆಚ್ಚಾಗಿ ಗಂಡಿನ ಗುರುತಿನಿಂದ ವಿಂಗಡಿಸಿದವು. ಆ ವಿಂಗಡಣೆ ತಪ್ಪೇನೂ ಅಲ್ಲ. ಆದರೆ ಮೈ ಸುಡುವ ರಸ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ತಾಯಿಯ ಕಡೆಯ ಲೆಕ್ಕ ಬಿಡಿಸಬೇಕಾಯಿತು. ಒಂದು ಜೀವಕ್ಕೆ ಒಂದೇ ವಂಶಾವಳಿ ಸಾಲುವುದಿಲ್ಲ. ಇದು ನಮ್ಮ ಕಡೆಯ ಯಾವ ಅಜ್ಜಿಯಾದರೂ ಒಪ್ಪುವ ಮಾತು.

ಇಷ್ಟೆಲ್ಲ ಓದಿದ ಮೇಲೆ ಈ ಹುಳವನ್ನು ಕಂಡಲ್ಲಿ ಕೊಲ್ಲಬೇಕೇ ಎಂದು ನೀವು ಕೇಳಬಹುದು. ಗದ್ದೆಯಲ್ಲಿ ಇದು ನಮ್ಮ ಪಕ್ಷದ್ದು. ಭತ್ತದ ಪೈರನ್ನು ಹೀರಿ ಒಣಗಿಸುವ ಕಂದು ಜಿಗಿಹುಳುವನ್ನು, ಇನ್ನೂ ಹಲವು ಸಣ್ಣ ಕೀಟಗಳನ್ನು, ಅವುಗಳ ಮೊಟ್ಟೆಮರಿಗಳನ್ನು ಇದು ಹುಡುಕಿ ತಿನ್ನುತ್ತದೆ. 1973-74ರಲ್ಲಿ ನಮ್ಮ ನೆರೆಯ ಕೇರಳದ ಕುಟ್ಟನಾಡಿನ ಭತ್ತವನ್ನು ಈ ಜಿಗಿಹುಳು ಹಾಳುಗೆಡವಿದ್ದು ಹಳೆಯ ಬೇಸಾಯಗಾರರ ನೆನಪಿನಲ್ಲಿದೆ. ವಿಪರೀತ ಔಷಧ ಹೊಡೆದರೆ ಮೊದಲು ಸಾಯುವುದು ಪೀಡೆರಸ್, ಜೇಡ ಮೊದಲಾದ ಕಾವಲುಗಾರರು. ಕಾವಲು ಹೋದ ಮೇಲೆ ಜಿಗಿಹುಳುವಿನ ಸಂತೆ ಇನ್ನೂ ದೊಡ್ಡದಾಗುತ್ತದೆ ಎಂಬುದನ್ನು ಏಷ್ಯಾದ ಭತ್ತದ ನಾಡುಗಳೆಲ್ಲ ನಷ್ಟ ಅನುಭವಿಸಿಯೇ ಕಲಿತವು. ಹೀಗೆ ನೋಡಿದರೆ ಜೇಡ, ಪೀಡೆರಸ್ ಎರಡೂ ನಮ್ಮ ಅನ್ನದ ಬಟ್ಟಲಿನ ಕಾವಲಿಗೆ ನಿಂತವು.

ಮನೆಯೊಳಗೆ ಅದು ಬರುವುದು ನಮ್ಮ ಮೇಲಿನ ಹಗೆಯಿಂದಲ್ಲ, ದೀಪದ ಸೆಳೆತದಿಂದ. ಕೊಯ್ಲಾಗಿ ಗದ್ದೆ ಬರಿದಾದರೆ ಹುಳಗಳು ಚದುರುತ್ತವೆ. ಕತ್ತಲಲ್ಲಿ ಎಲ್ಲಿ ಬಿಳಿ ಬೆಳಕು ಕಂಡರೆ ಅಲ್ಲಿಗೆ ಹಾರುತ್ತವೆ. ಮಲೇಷ್ಯಾದಲ್ಲಿ ಗದ್ದೆ ಬದಿಯ ವಸತಿ ಕಟ್ಟಡಗಳನ್ನು ಪರೀಕ್ಷಿಸಿದವರು ಇದನ್ನೇ ಕಂಡಿದ್ದಾರೆ. ನಮ್ಮಲ್ಲಿ ಒಂದು ಕಾಲಕ್ಕೆ ಬೈಲಿನ ಮನೆಯಲ್ಲಿ ಇದ್ದದ್ದು ಒಂದು ಚಿಮಿಣಿ ದೀಪ. ಕಾಪುವಿನ ಕಡಲ ಬದಿಯಲ್ಲಿ 1901ರಿಂದ ನಿಂತ ದೀಪಸ್ತಂಭವೊಂದನ್ನು ಬಿಟ್ಟರೆ ರಾತ್ರಿಯೆಲ್ಲ ಉರಿಯುವ ಬೆಳಕೇ ಇರಲಿಲ್ಲ. ಈಗ ಪರ್ಕಳ, ಹೆರ್ಗದ ಬೈಲುಗಳ ತಲೆಯ ಮೇಲೆ ಹತ್ತು ಮಾಳಿಗೆಯ ಕಟ್ಟಡಗಳು ಬೆಳಗುವವರೆಗೆ ಉರಿಯುತ್ತವೆ. ಹುಳ ನಮ್ಮ ಮನೆಗೆ ಬಂತು ಎನ್ನುತ್ತೇವೆ. ಅದರ ಮನೆಯ ಅಂಗಳಕ್ಕೆ ನಾವು ಟ್ಯೂಬ್‌ಲೈಟು ಹಿಡಿದುಕೊಂಡು ಹೋದದ್ದನ್ನು ಹೇಳುವುದಿಲ್ಲ.

ಆದ್ದರಿಂದ ಮನೆಯಲ್ಲಿ ಮಾಡಬೇಕಾದದ್ದು ಸ್ವಲ್ಪವೇ. ಮುಸ್ಸಂಜೆಗೆ ಕಿಟಕಿ ಮುಚ್ಚುವುದು ಅಥವಾ ಜಾಲರಿ ಹಾಕಿಸುವುದು, ಹಾಸಿಗೆಯ ನೇರಕ್ಕೆ ದೀಪ ಉರಿಸದಿರುವುದು, ಮಲಗುವ ಮೊದಲು ಹಾಸಿಗೆ, ಟವೆಲು ಕೊಡವುವುದು. ಹುಳ ಮೈಮೇಲೆ ಕೂತರೆ ಹೊಡೆಯದೆ ಉಜ್ಜದೆ ಊದಿಬಿಡಿ, ಇಲ್ಲವೇ ಒಂದು ಕಾಗದದ ಮೇಲೆ ಹತ್ತಿಸಿ ಹೊರಗೆ ಬಿಡಿ. ಅರೆದೇ ಹೋಯಿತೆಂದರೆ ಆ ಕೈಯಲ್ಲಿ ಕಣ್ಣು ಮುಟ್ಟಬೇಡಿ, ತಕ್ಷಣ ಸೋಪು ಹಾಕಿ ತೊಳೆಯಿರಿ. ಗುಳ್ಳೆ ಎದ್ದರೆ ಸುಣ್ಣ, ಅರಸಿನ ಎಂದು ಪ್ರಯೋಗ ಮಾಡದೆ ಡಾಕ್ಟರರಿಗೆ ತೋರಿಸಿ. ಕಣ್ಣಿಗೆ ತಾಗಿದರಂತೂ ತಡ ಮಾಡಬೇಡಿ.

ಇನ್ನೊಂದು ಮಾತು ಡಾಕ್ಟರರು ಮಾಡಲಾಗದ, ನಾವೇ ಮಾಡಬೇಕಾದ ಕೆಲಸದ್ದು. ಮಳೆಗಾಲದಲ್ಲಿ ಯಾರದಾದರೂ ಮಗಳ ಕುತ್ತಿಗೆಯಲ್ಲಿ, ಮನೆಗೆಲಸಕ್ಕೆ ಬರುವವಳ ಕೈಯಲ್ಲಿ ಇಂಥ ಕೆಂಪು ಗೆರೆ ಕಂಡರೆ, ನಾಲ್ಕು ಜನ ಸೇರಿದಲ್ಲಿ ಗಟ್ಟಿಯಾಗಿ ಹೇಳಿ: ಇದು ದೋಷವಲ್ಲ, ಅಂಟುವುದಿಲ್ಲ, ಇದು ಗದ್ದೆಯ ಹುಳದ ರಸ, ಹದಿನೈದು ದಿನಕ್ಕೆ ಹೋಗುತ್ತದೆ. ಅವಳು ಕೇಳಿದ ಚೀಟಿಯಲ್ಲಿ ಇದಕ್ಕಿಂತ ಹೆಚ್ಚಿಗೆ ಏನೂ ಬರೆಯಬೇಕಾಗಿರಲಿಲ್ಲ.